ಹಿಂದೆ ಉಳಿಯಬೇಕಾಗಿದ್ದವನು

ಉಮೇಶ ಸೈನ್ಯ ಬಿಟ್ಟು ರಾಮನಗುಳಿಗೆ ಮರಳಿ ಕೆಲವು ವರ್ಷಗಳಾಗಿದ್ದವು. ಲಘು ಪದಾತಿ ರೆಜಿಮೆಂಟಿನಲ್ಲಿ ಹವಾಲ್ದಾರನಾಗಿದ್ದವನು ಈಗ ಗದ್ದೆ ನೋಡಿಕೊಂಡು ಪಂಪು ರಿಪೇರಿ ಮಾಡುತ್ತಿದ್ದ. ನಡಿಗೆ ಮಾತ್ರ ಹಳೆಯದೇ. ಅವನ ಜೊತೆ ಸುಂಕಸಾಳಕ್ಕೆ ಹೊರಟವರು ಅರ್ಧ ದಾರಿಯಲ್ಲೇ ಹಿಂದೆ ಬೀಳುತ್ತಿದ್ದರು.

ಆ ಆಗಸ್ಟಿನಲ್ಲಿ ಗಂಗಾವಳಿ ಹೊಳೆ ಒಂದು ಬೆಳಿಗ್ಗೆ ಗದ್ದೆ ದಾಟಿ ಕೇರಿಗೇ ನುಗ್ಗಿತು. ಯಾರಿಗೂ ಏನೂ ತೋಚದಾಗ ಉಮೇಶ ಮನೆಮನೆಯ ಬಾಗಿಲು ಬಡಿದ.

"ಎಂತದೂ ಹೊರ್ಬೇಡಿ. ಮಕ್ಕಳ ಕೈ ಹಿಡ್ಕಂಡು ನನ್ನ ಹಿಂದೆ ಬನ್ನಿ. ಗುಡ್ಡ ಹತ್ವ."

ಕೊನೆಯ ಮನೆ ಬೊಮ್ಮುವಿನದು. ಲಕ್ವ ಹೊಡೆದು ಅವನು ಹಾಸಿಗೆ ಹಿಡಿದಿದ್ದ. ಹೆಂಡತಿ ಕಾಮಿ ಹೊಸ್ತಿಲಲ್ಲೇ ನಿಂತಿದ್ದಳು. ಉಮೇಶನೂ ಪಕ್ಕದ ಮನೆಯ ಸುನಿಲನೂ ಸೇರಿ ಬೊಮ್ಮುವನ್ನು ಅಟ್ಟಕ್ಕೆ ಏರಿಸಿದರು.

"ಇವ್ರನ್ನೆಲ್ಲಾ ಮೇಲೆ ಮುಟ್ಟಿಸಿ ನಾ ತಿರ್ಗಿ ಬತ್ತೆ" ಎಂದ ಉಮೇಶ.

ಸುನಿಲ ಅವನ ತೋಳು ಹಿಡಿದ. "ದಾರಿ ನಂಗೂ ಗೊತ್ತದೆ. ನಾ ಮುಂದೆ ಹೋಗ್ತೆ, ನೀ ಬೊಮ್ಮಣ್ಣನ್ನ ಬೆನ್ನಿಗೆ ಕಟ್ಕಂಡು ಬಾ."

"ನಿನ್ನ ಹತ್ರ ಆಗೂದಿಲ್ಲ. ಮುಂದೆ ನಾನೇ ಬೇಕು."

ಕಾಮಿಯೂ ಸೇರಿ ಇಡೀ ಕೇರಿ ಅವನ ಹಿಂದೆ ಗುಡ್ಡ ಹತ್ತಿತು. ಅವನು ಮರಳಿ ಇಳಿಯುವಷ್ಟರಲ್ಲಿ ಗುಡ್ಡದ ಬುಡದ ಹಳ್ಳ ಉಕ್ಕಿ ದಾರಿ ಕಡಿದಿತ್ತು. ಹಗ್ಗ ಕಟ್ಟಿಕೊಂಡು ಎರಡು ಸಲ ನೀರಿಗಿಳಿದ. ಎರಡು ಸಲವೂ ಸುನಿಲ ಮತ್ತಿತರರು ಅವನನ್ನು ಎಳೆದು ದಡಕ್ಕೆ ಹಾಕಿದರು. ನೀರು ಇಳಿದ ಮೇಲೆ ನೋಡಿದರೆ ಬೊಮ್ಮುವಿನ ಮನೆಯ ಮಣ್ಣಿನ ಗೋಡೆ ಕುಸಿದು, ಅವನ ಸಮೇತ ಅಟ್ಟವೇ ಹೊಳೆಯ ಪಾಲಾಗಿತ್ತು.

ಕೇರಿಯ ಜೀವ ಉಳಿಸಿದವನು ಎಂದು ಎಲ್ಲರೂ ಉಮೇಶನನ್ನು ಹೊಗಳಿದರು. ಬೊಮ್ಮುವನ್ನು ಹೊತ್ತು ತಾ ಎಂದು ತಾನು ಹೇಳಿದ್ದನ್ನು ಸುನಿಲನೂ ಎತ್ತಲಿಲ್ಲ. ಕಾಮಿಯ ಹೊಸ ಮನೆಗೆ ಉಮೇಶ ಕಲ್ಲು ಹೊತ್ತ, ಹಂಚು ಹೊದಿಸಿದ. ಅವಳ ಮುಖ ನೋಡಲು ಮಾತ್ರ ಅವನಿಂದಾಗಲಿಲ್ಲ.

ಜನವರಿಯಲ್ಲಿ ಕಾರವಾರದ ಮಾಜಿ ಸೈನಿಕರು ಅವನಿಗೆ ಸನ್ಮಾನ ಇಟ್ಟುಕೊಂಡರು. ಕೇರಿಯವರೆಲ್ಲ ಟೆಂಪೋ ಮಾಡಿಕೊಂಡು ಬಂದರು. ಕಾಮಿಯೂ ಬಂದಳು. ಶಾಲು ಹೊದಿಸಿದ ಮೇಲೆ, ನಿಮ್ಮ ಪಡೆಯ ಇತಿಹಾಸ ಹೇಳಿ ಎಂದು ನಿರೂಪಕಿ ಭಾರತಿ ಮೈಕ್ ಕೊಟ್ಟಳು.

ಉಮೇಶನಿಗೆ ಅದು ಬಾಯಿಪಾಠ. ಹಿಂದಿನ ಕಾಲದ ಸೈನ್ಯಗಳು ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತು ಯುದ್ಧ ಮಾಡುತ್ತಿದ್ದುದು, ಆ ಸಾಲಿನ ಮುಂದೆ ಹಗುರ ಹೊರೆಯ, ಚುರುಕು ಕಾಲಿನ ಸಿಪಾಯಿಗಳು ಜೋಡಿಜೋಡಿಯಾಗಿ ಹೋಗಿ ಶತ್ರುವನ್ನು ಹುಡುಕುತ್ತಿದ್ದುದು, ಅವರಿಂದಲೇ ಲಘು ಪದಾತಿ ಹುಟ್ಟಿದ್ದು, ಎಲ್ಲವನ್ನೂ ಹೇಳಿದ. ಬಳಿಕ ಕೇರಿಯವರು ಕೂತ ಕಡೆ ತಿರುಗಿದ.

"ಮುಂದೆ ಹೋಗುದು ನಮ್ಮ ಅರ್ಧ ಕೆಲ್ಸ. ಸೈನ್ಯ ಹಿಂದೆ ಸರೀವಾಗ ಎಲ್ಲರಿಗಿಂತ ಕಡೆಗೆ ಹೊರಡುದೂ ನಾವೇ. ಆ ದಿನ ನಾ ಕಡೆಗೆ ಇರ್ಬೇಕಿತ್ತು. ಬೊಮ್ಮಣ್ಣನ್ನ ಹೊರುಕೆ ನಂಗೆ ಶಕ್ತಿ ಇತ್ತು. ಎಲ್ಲಾರೂ ನನ್ನ ಹಿಂದೆ ಬರ್ತಿದ್ರಲ್ಲ, ಅದು ಚಲೋ ಅನಿಸ್ತು. ಅದ್ಕೇ ಮುಂದೆ ಹೋದೆ."

ಭಾರತಿ ಗಡಿಬಿಡಿಯಿಂದ ಮೈಕ್ ತೆಗೆದುಕೊಂಡು, "ಇದು ಅವರ ದೊಡ್ಡ ಗುಣ" ಎಂದಳು. ಚಪ್ಪಾಳೆ ಬಿತ್ತು. ಉಮೇಶನಿಗೆ ಶಾಲು ಕಿತ್ತೆಸೆಯಬೇಕು ಅನ್ನಿಸಿತು.

ಹೊರಗೆ ಟೆಂಪೋ ಹತ್ತಿರ ಕಾಮಿ ಒಬ್ಬಳೇ ನಿಂತಿದ್ದಳು. ಅವನು ಹೋಗಿ ಎದುರು ನಿಂತ.

"ನೀ ಹೊತ್ಕಂಡು ಬರ್ಬಹುದಿತ್ತು" ಎಂದಳು ಅವಳು.

"ಹೌದು."

"ನಂಗೂ ಗೊತ್ತಿತ್ತು. ಎಲ್ಲಾರೂ ಹಣೆಬರಹ ಅಂದ್ರು, ನಾನೂ ಹೌದು ಅಂದೆ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅಂವ ಅಟ್ಟದ ಮೇಲಿಂದ ನನ್ನ ಹೆಸ್ರು ಕೂಗ್ತಿದ್ದ. ನಾ ತಿರ್ಗಿ ನೋಡ್ಲಿಲ್ಲ. ನೋಡಿದ್ರೆ ಕಾಲು ಏಳ್ತಿರ್ಲಿಲ್ಲ."

ಅವಳು ಕ್ಷಮಿಸಿದೆ ಎನ್ನಲಿಲ್ಲ. ಟೆಂಪೋ ಹತ್ತಿ ಕೂತು, ಪಕ್ಕದ ಜಾಗ ಖಾಲಿ ಮಾಡಿ, "ಕೂತ್ಕ" ಎಂದಳು.

ಬಿಣಗಾ ದಾಟುವಾಗ ಅವಳು ಬೊಮ್ಮುವಿನ ಸುದ್ದಿ ತೆಗೆದಳು. ಮದುವೆಯಾದ ಹೊಸತರಲ್ಲಿ ಅವನು ಇಡೀ ದಿನ ಗಾಳ ಹಾಕಿ ಕೂತು, ಒಂದೂ ಮೀನು ಸಿಗದೆ, ಪೇಟೆಯಿಂದ ಬಂಗಡೆ ಕೊಂಡು ತಂದು ಹೊಳೆಯಲ್ಲಿ ಹಿಡಿದೆ ಎಂದಿದ್ದನಂತೆ. ಸಮುದ್ರದ ಮೀನು ಹೊಳೆಗೆ ಹ್ಯಾಂಗೆ ಬಂತು ಎಂದು ಅತ್ತೆ ಕೇಳಿದ್ದಳಂತೆ. ಹೇಳುತ್ತ ಹೇಳುತ್ತ ಕಾಮಿಗೆ ನಗು ಬಂತು, ಆಮೇಲೆ ಅಳು ಬಂತು. ಅಂಕೋಲೆ ಬರುವ ತನಕ ಉಮೇಶ ತಲೆ ತಗ್ಗಿಸಿ ಕೇಳುತ್ತ ಕೂತಿದ್ದ.