ಎತ್ತಿದ ತೊಟ್ಟಿಯ ಕೆಳಗೆ

ಅವಳು ತಿಂಡಿಯ ತಟ್ಟೆ ಮುಂದಿಟ್ಟುಕೊಂಡು ಕೂತು ಹತ್ತು ನಿಮಿಷವಾಗಿತ್ತು. ಒಂದು ತುತ್ತೂ ಬಾಯಿಗಿಟ್ಟಿರಲಿಲ್ಲ. ಮಗಳು ಶೂ ಲೇಸು ಕಟ್ಟಿಸಿಕೊಳ್ಳಲು ಕಾಲು ಚಾಚಿದಳು. ಅಮ್ಮ ಕಟ್ಟಿದ ಗಂಟು ಎರಡು ಸಲ ಬಿಚ್ಚಿಹೋಯಿತು.

"ಏನಾಯ್ತೇ ನಿನಗೆ?" ಅತ್ತೆ ಕೇಳಿದರು.

"ಇವತ್ತು ನನ್ನ ಸರದಿ, ಅತ್ತೆ."

ಅತ್ತೆ ಕೈಯಲ್ಲಿದ್ದ ಸೌಟು ಹಾಗೇ ಕೆಳಗಿಟ್ಟರು. "ಆಗಲ್ಲ ಅಂತ ಹೇಳೋಕೆ ಬಾಯಿಲ್ವಾ ನಿನಗೆ? ನನ್ನ ಹತ್ರ ಆದ್ರೆ ಮೂರು ಹೊತ್ತೂ ವಾದ ಮಾಡ್ತೀಯ!"

"ಹೇಳಿದ್ರೆ ಸಹಿ ಬೀಳಲ್ಲ. ಎರಡು ವರ್ಷ ಮಾಡಿದ್ದು ನೀರಲ್ಲಿ ಹೋಮ."

ಮೊದಲು ಅವಳು ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದಳು. ಅದು ಮುಚ್ಚಿದ ಮೇಲೆ ಟ್ರ್ಯಾಕ್ಟರು, ಕಟಾವು ಯಂತ್ರ, ಮಣ್ಣು ತೋಡುವ ದೊಡ್ಡ ಯಂತ್ರಗಳನ್ನೆಲ್ಲ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಆಗಿ ಸೇರಿದಳು. ಕಟಾವು ಯಂತ್ರ ಓಡಿಸುವ ಗಂಡ ವರ್ಷದಲ್ಲಿ ಆರು ತಿಂಗಳು ಊರೂರು ತಿರುಗುತ್ತಾನೆ. ಯಂತ್ರ ಕೆಟ್ಟಾಗ ಮೆಕ್ಯಾನಿಕ್ಕಿಗಾಗಿ ಅವನು ದಾರಿ ಕಾಯುವುದನ್ನು ಕೇಳಿ ಕೇಳಿ ಅವಳಿಗೆ ಈ ಹುಚ್ಚು ಹತ್ತಿತ್ತು. ವರ್ಕ್‌ಶಾಪಿನಲ್ಲಿ ಎಲ್ಲರೂ ಅವಳನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದರು. ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವುದರಲ್ಲಿ ಅವಳ ಕೈ ಪಳಗಿದೆ ಎಂದು ಮೇಸ್ತ್ರಿಯೇ ಒಪ್ಪಿದ್ದರು. ಆದರೆ ಆ ವರ್ಕ್‌ಶಾಪಿನಲ್ಲಿ ಕೈ ಪಳಗಿದರೆ ಸಾಲದು, 'ಒಳಗೆ ಹೋಗಿ ಬರಬೇಕು'. ಟ್ರೇಲರಿನ ಕಬ್ಬಿಣದ ತೊಟ್ಟಿಯನ್ನು ಜಾಕಿನಿಂದ ಮೇಲಕ್ಕೆತ್ತಿ, ಅದು ಕುಸಿಯದಂತೆ ಕೆಳಗೆ ಆನಿಕೆ ಕಂಬ ಕೊಡದೆ, ಅಪ್ರೆಂಟಿಸನ್ನು ಅದರಡಿ ನುಗ್ಗಿಸಿ ತೊಟ್ಟಿ ತಿರುಗುವ ಎರಡು ಪಿನ್ನಿಗೆ ಗ್ರೀಸ್ ಹಾಕಿಸುವುದು. ಹೊರಬಂದ ಮೇಲೆಯೇ ತರಬೇತಿ ಪುಸ್ತಕಕ್ಕೆ ಮೇಸ್ತ್ರಿಯ ಸಹಿ. ಯಾವ ಪುಸ್ತಕದಲ್ಲೂ ಇಲ್ಲದ ಈ ಪರೀಕ್ಷೆಯನ್ನು ಯಾವ ಪುಣ್ಯಾತ್ಮ ಶುರುಮಾಡಿದನೋ, ಅದು ಯಾರಿಗೂ ಗೊತ್ತಿರಲಿಲ್ಲ.

ಟನ್ನಿಗೂ ಮೀರಿ ತೂಗುವ ಆ ತೊಟ್ಟಿಗೆ ಕೊಡಲೆಂದೇ ಮಾಡಿದ ಆನಿಕೆ ಕಂಬ ವರ್ಕ್‌ಶಾಪಿನಲ್ಲಿ ಇಲ್ಲದೆ ಇರಲಿಲ್ಲ. ಅದನ್ನು ಎರಡು ಇಟ್ಟಿಗೆಗಳ ಮೇಲೆ ಅಡ್ಡ ಮಲಗಿಸಿ, ಟೀ ಕುಡಿಯಲು ಕೂರುವ ಬೆಂಚು ಮಾಡಿಕೊಂಡಿದ್ದರು.

ಅವಳು ಹೋಗುವಷ್ಟರಲ್ಲಿ ತೊಟ್ಟಿ ಎತ್ತಿ ನಿಲ್ಲಿಸಿಯಾಗಿತ್ತು. ಜಾಕಿಗೆ ಎಣ್ಣೆ ಒತ್ತುವ ಟ್ರ್ಯಾಕ್ಟರಿನ ಇಂಜಿನ್ ಆಫ್. ಮೇಸ್ತ್ರಿ ಕೈಕಟ್ಟಿ ನಿಂತಿದ್ದರು. ಪಕ್ಕದಲ್ಲಿ ವೆಲ್ಡರ್ ಅಣ್ಣ, ಮತ್ತೆ ಯಾವ ಕೆಲಸವನ್ನೂ ಅರ್ಧ ಸಮಯದಲ್ಲಿ ಮುಗಿಸುವ ಮೆಕ್ಯಾನಿಕ್; ಅವನ ಅಡ್ಡಹೆಸರೇ 'ಸ್ಪೀಡು'.

"ಮೇಸ್ತ್ರಿ, ಆನಿಕೆ ಕೊಟ್ಟು ಮಾಡ್ತೀನಿ," ಅಂದಳು. ತನ್ನ ದನಿ ತನಗೇ ಕೇಳಿಸಲಿಲ್ಲ.

ಮೇಸ್ತ್ರಿ ಸಿಟ್ಟಾಗಲಿಲ್ಲ. "ನೋಡಮ್ಮ, ನಾಳೆ ಹೊಲದ ಮಧ್ಯೆ ಗಾಡಿ ಕೆಟ್ಟು ನಿಂತಿರುತ್ತೆ. ಅಲ್ಲಿ ಕಂಬ ಇರಲ್ಲ, ಗಾಡಿಯವನು ತಲೆ ಮೇಲೆ ಕೂತು ಕೂಗ್ತಿರ್ತಾನೆ. ಯಂತ್ರಕ್ಕೆ ಹೆದರೋರನ್ನ ನಾನು ಹೇಗೆ ಹೊರಗೆ ಕಳಿಸ್ಲಿ? ನಾನೂ ಹೋಗಿ ಬಂದೋನೇ. ಇಪ್ಪತ್ತೆರಡು ವರ್ಷದಲ್ಲಿ ಯಾರಿಗೇನಾಗಿದೆ ಹೇಳು?"

"ನನಗೆ ಭಯ ಆಗ್ತಿದೆ."

"ಭಯ ಹೋಗ್ಲಿ ಅಂತಾನೇ ಇದು."

"ಹೋಗಿ ಟೀಚರಮ್ಮ, ಇದೇನು ಮಗ್ಗಿ ಹೇಳಿಸೋದಾ?" ಸ್ಪೀಡು ಕಿಚಾಯಿಸಿದ.

ಅವಳು ಗ್ರೀಸ್ ಗನ್ ಹಿಡಿದು ಬಗ್ಗಿದಳು. ಒಳಗೆ ಬೆಳಕು ಕಡಿಮೆ. ಟ್ರೇಲರಿನ ತಳದ ಚೌಕಟ್ಟು, ಚಾಸಿಯ ಮೇಲೆ ಅಂಗಾತ ಸರಿದಾಗ ತೊಟ್ಟಿಯ ತಳ ಮೂಗಿನ ಮುಂದೆಯೇ ಇತ್ತು. ಅದಕ್ಕೆ ಅಂಟಿದ ಒಣಮಣ್ಣು ಕಣ್ಣಿಗೆ ಉದುರಿತು. ಮೊದಲ ಪಿನ್ನು ಸಿಕ್ಕಿತು. ಗನ್ ಒತ್ತಿದಳು. ಒಂದು, ಎರಡು, ಮೂರು. ಮಗಳ ಲೇಸು ಇಷ್ಟೊತ್ತಿಗೆ ಮತ್ತೆ ಬಿಚ್ಚಿರುತ್ತದೆ ಎಂದು ಏಕೋ ಅನಿಸಿ ಅಳು ಬಂತು. ಆಗ ಜಾಕಿನ ಬುಡದಲ್ಲಿ, ಎಣ್ಣೆಯ ಪೈಪು ಕೂಡುವ ಕಡೆ, ಹೊಳೆಯುವ ಒಂದು ಹನಿ ಕಂಡಿತು. ನೋಡುತ್ತಿದ್ದಂತೆಯೇ ಅದು ಬಿತ್ತು. ಇನ್ನೊಂದು ಮೂಡಿತು.

ಅವಳು ಹೇಗೆ ಹೊರಬಂದಳೋ ಅವಳಿಗೇ ತಿಳಿಯಲಿಲ್ಲ. ನೆಲದಲ್ಲೇ ಕೂತಳು.

"ಅರ್ಧ ಪಾಸು!" ಸ್ಪೀಡು ನಕ್ಕ.

"ಪೈಪಿನ ಜಾಯಿಂಟ್ ಸೋರ್ತಿದೆ," ಎಂದಳು.

"ಹೆದರಿದೋರಿಗೆ ಎಲ್ಲಾ ಸೋರುತ್ತೆ," ಎನ್ನುತ್ತಾ ಮೇಸ್ತ್ರಿ ತಾವೇ ಒಳಗೆ ತೂರಿದರು. ಚಾಸಿಯ ಮೇಲೆ ಅಂಗಾತ ಮಲಗಿ, "ಹೌದು ಕಣೋ, ಸ್ವಲ್ಪ ಒದ್ದೆಯಾಗಿದೆ. ನಾನು ಇಲ್ಲಿಂದ ನೋಡ್ತಿರ್ತೀನಿ. ನೀನು ಆ ಕಡೆಯಿಂದ ಕೈ ಹಾಕಿ ನಟ್ಟು ಬಿಗಿ," ಎಂದು ಸ್ಪೀಡಿಗೆ ಕೂಗಿ ಹೇಳಿದರು.

ಸ್ಪೀಡು ನಟ್ಟಿಗೆ ಸ್ಪ್ಯಾನರ್ ಇಟ್ಟೇಬಿಟ್ಟ.

"ತಾಳಿ! ಮೊದಲು ಆನಿಕೆ ಕೊಡೋಣ."

"ಇಂಜಿನ್ನೇ ಆಫ್ ಇದೆ ಟೀಚರಮ್ಮ. ಎಣ್ಣೆಗೆ ಒತ್ತಡ ಎಲ್ಲಿಂದ ಬರುತ್ತೆ?"

"ಮೇಲಿರೋ ತೊಟ್ಟಿಯ ಭಾರದಿಂದ ಬರುತ್ತೆ!"

ಅವನು ಕೇಳಿಸಿಕೊಳ್ಳಲಿಲ್ಲ, ತೋಳಿಗೆ ಬಲ ಕೊಟ್ಟ. ಆಗ ಅವಳೊಳಗಿಂದ ಶಿಶುವಿಹಾರದ ಹಳೆಯ ದನಿ ಎದ್ದುಬಂತು.

"ಕೈ ತೆಗಿ! ತೆಗಿ ಅಂದೆ!"

ಆರಡಿಯ ಗಂಡಸು ಬೆಚ್ಚಿ ಕೈ ತೆಗೆದ. ಅವಳು ಕಂಬದ ಮೇಲಿದ್ದ ಟೀ ಲೋಟಗಳನ್ನು ಕೆಳಗೆ ತಳ್ಳಿ ಒಂದು ತುದಿ ಎತ್ತಲು ನೋಡಿದಳು. ಅದು ಅಲ್ಲಾಡಲಿಲ್ಲ. ವೆಲ್ಡರ್ ಅಣ್ಣ ಬಂದು ಇನ್ನೊಂದು ತುದಿ ಹಿಡಿದ. ಇಬ್ಬರೂ ಏದುಸಿರು ಬಿಡುತ್ತಾ ಚಾಸಿಗೂ ತೊಟ್ಟಿಗೂ ನಡುವೆ ಕಂಬ ನಿಲ್ಲಿಸಿದರು.

"ಆಯ್ತಾ ನಿಮ್ಮ ಅಲಂಕಾರ?" ಒಳಗಿಂದ ಮೇಸ್ತ್ರಿ ಗೊಣಗಿದರು. "ಬಿಗಿಯೋ ಬೇಗ."

ಸ್ಪೀಡು ನಟ್ಟನ್ನು ಅರ್ಧ ಸುತ್ತು ತಿರುಗಿಸಿದ. ಸವೆದಿದ್ದ ಜಾಯಿಂಟು ಒಮ್ಮೆಲೇ ಕಿತ್ತುಕೊಂಡಿತು. ಎಣ್ಣೆ ಚಿಮ್ಮಿ ಅವನ ಎದೆಗೆ ಹೊಡೆಯಿತು. ತೊಟ್ಟಿ ನಾಲ್ಕು ಬೆರಳಷ್ಟು ಧಡಾರನೆ ಕುಸಿದು ಕಂಬದ ಮೇಲೆ ಕೂತಿತು. ಆ ಸದ್ದಿಗೆ ತಗಡಿನ ಸೂರೆಲ್ಲ ನಡುಗಿತು.

"ಮೇಸ್ತ್ರಿ!" ಅವಳು ಕಿರುಚಿದಳು.

ಅವಳು ಬಗ್ಗಿ ನೋಡಿದಳು. ತೊಟ್ಟಿಗೂ ಅವರ ಎದೆಗೂ ನಡುವೆ ಒಂದು ಗೇಣು ಜಾಗವಿತ್ತು. ಅವರು ಕಣ್ಣು ಬಿಟ್ಟುಕೊಂಡು, ರೆಪ್ಪೆ ಬಡಿಯದೆ ಮಲಗಿದ್ದರು. ವೆಲ್ಡರ್ ಅಣ್ಣ ಕಾಲು ಹಿಡಿದು ಮೆಲ್ಲಗೆ ಹೊರಗೆ ಎಳೆದ.

ಸ್ಪೀಡು ಗೋಡೆಗೆ ಒರಗಿ ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಮೇಸ್ತ್ರಿ ನೀರು ಕುಡಿದರು, ಅರ್ಧ ಅಂಗಿಯ ಮೇಲೆ ಚೆಲ್ಲಿತು. ಅವಳಿಗೆ ಅವರ ಮೇಲೆ ಸಿಟ್ಟಿತ್ತು, ಆ ಒದ್ದೆ ಅಂಗಿ ನೋಡಿ ಮರುಕವೂ ಆಯಿತು.

ಮಧ್ಯಾಹ್ನದ ಹೊತ್ತಿಗೆ ಹೊಸ ಜಾಯಿಂಟ್ ಬಂತು. ಕಂಬ ನಿಂತ ಜಾಗದಲ್ಲೇ ನಿಂತಿತ್ತು; ಟೀ ಕುಡಿಯುವವರೆಲ್ಲ ನಿಂತುಕೊಂಡೇ ಕುಡಿದರು. ಜಾಯಿಂಟ್ ಕೂರಿಸಿ ಮುಗಿಸಿದ ಮೇಲೆ ಮೇಸ್ತ್ರಿ ಅವಳ ತರಬೇತಿ ಪುಸ್ತಕ ತರಿಸಿಕೊಂಡು ಸಹಿ ಹಾಕಿದರು.

"ಇನ್ನೊಂದು ಪಿನ್ನು ಬಾಕಿ ಇದೆ, ಮೇಸ್ತ್ರಿ," ಅಂದಳು.

"ಸಹಿ ಆಯ್ತಲ್ಲಮ್ಮ."

"ಗ್ರೀಸ್ ಆಗಿಲ್ವಲ್ಲ."

ಅವರು ಎದ್ದು ಕಂಬವನ್ನು ಎರಡೂ ಕೈಯಿಂದ ಅಲ್ಲಾಡಿಸಿ ನೋಡಿದರು. ಬುಡ ನೋಡಿದರು, ತಲೆ ನೋಡಿದರು, ಮತ್ತೊಮ್ಮೆ ಅಲ್ಲಾಡಿಸಿದರು. ಅವಳು ಗನ್ ಹಿಡಿದು ಬಗ್ಗಿದವಳು ಹಾಗೇ ನಿಂತಳು. ಕಾಲು ಮುಂದೆ ಹೋಗಲಿಲ್ಲ.

"ಈಗ್ಲೂ ಭಯ ಆಗ್ತಿದೆ, ಮೇಸ್ತ್ರಿ."

ಮೇಸ್ತ್ರಿ ಸುತ್ತಲೂ ನಿಂತಿದ್ದವರನ್ನೆಲ್ಲ ಒಮ್ಮೆ ನೋಡಿದರು. ಅವರ ಕಿವಿ ಕೆಂಪಾಯಿತು.

"ನನಗೆ ಇಪ್ಪತ್ತೆರಡು ವರ್ಷದಿಂದ ಆಗ್ತಿದೆ ಕಣಮ್ಮ," ಎಂದರು, ಎಲ್ಲರಿಗೂ ಕೇಳುವಂತೆ.