ಬೆಂಗಳೂರಿನಿಂದ ಬಂದ ಉತ್ತರ

“ಆ ಸಾಲು ಬರೆಯೋ ಬದ್ಲು ಕೈ ಮುರ್ಕೊಂಡಿದ್ರೆ ಚೆನ್ನಾಗಿರ್ತಿತ್ತು ಚಾಮರಾಜ್,” ಎಂದು ನೀರಜಾ ಫೈಲನ್ನು ನನ್ನ ಮುಂದೆ ಎಸೆದರು.

“ಇಪ್ಪತ್ತಾರು ವರ್ಷದಿಂದ ಹಾಗೇ ಬರೀತಿದೀನಿ. ಕೆಳಗೆ ಸಹಿ ಹಾಕಿದ್ದು ಯಾರು, ನಮ್ಮಜ್ಜಿನಾ?”

“ಓದ್ದೇ ಹಾಕಿದೆ. ಅದು ನಂದೇ ತಪ್ಪು. ಆಯ್ತಾ?”

ಡಬ್ಲಿನ್ನಿನಲ್ಲಿ ನಮ್ಮ ಬ್ಯಾಂಕಿಗಿರುವುದು ಇದೊಂದೇ ಶಾಖೆ. ನೀರಜಾ ಮುಖ್ಯಸ್ಥೆ, ನಾನು ಎರಡನೆಯವನು, ಕೆಳಗೆ ಒಂಬತ್ತು ಜನ. ಯುರೋಪಿನ ಹೊಸ ನಿಯಮದಂತೆ ನಮ್ಮಂಥ ಹೊರದೇಶದ ಬ್ಯಾಂಕುಗಳ ಶಾಖೆಗಳನ್ನು ಇಲ್ಲಿಯೇ ಕೂತ ಇಬ್ಬರು ನಿಜವಾಗಿ ನಡೆಸಬೇಕು. ತೀರ್ಮಾನ ಬೆಂಗಳೂರಿನಲ್ಲಿ ಆಗಿ ಇಲ್ಲಿ ಬರೀ ಸಹಿ ಬೀಳುವುದಾದರೆ ಪರವಾನಗಿ ಇಲ್ಲ. ಇಲ್ಲಿನ ಬ್ಯಾಂಕ್ ಮೇಲ್ವಿಚಾರಕರು ನಮ್ಮ ಮೂರು ವರ್ಷದ ತೀರ್ಮಾನಗಳ ಟಿಪ್ಪಣಿಗಳನ್ನು ತರಿಸಿಕೊಂಡು ಓದಿದರು. ಪರವಾನಗಿ ನಿರಾಕರಿಸಲು ಯೋಚಿಸಿದ್ದೇವೆ, ಹೇಳುವುದಿದ್ದರೆ ಶುಕ್ರವಾರ ನಾಲ್ಕು ಗಂಟೆಯೊಳಗೆ ಇಬ್ಬರೂ ಸಹಿ ಮಾಡಿ ಹೇಳಿ ಎಂದು ಬಹಳ ಸಭ್ಯವಾಗಿ ಬರೆದರು. ಅವತ್ತೇ ಶುಕ್ರವಾರ, ಆಗಲೇ ಎರಡೂಕಾಲು ಗಂಟೆ.

ನಾನು ಬರೆದ ಸಾಲು ಇಷ್ಟೇ: ‘ಮಾನ್ಯ ಪ್ರಧಾನ ಕಚೇರಿಯ ನಿರ್ದೇಶನದಂತೆ.’ ನಿರ್ದೇಶನ ಬಂದಿರಲಿ ಬಿಡಲಿ, ಟಿಪ್ಪಣಿ ಶುರುವಾಗುವುದೇ ಹಾಗೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸಿದ್ದೇ ಅದು. ನಾನು ತೀರ್ಮಾನಿಸಿದೆ ಎಂದು ಬರೆದವನನ್ನು ಅಲ್ಲಿ ಕೊಬ್ಬಿದವನು ಎನ್ನುತ್ತಾರೆ.

“ಬ್ಯಾಲಿನ್‌ಕೊಲಿಗ್ ಊರಿನ ಆ ಹೋಟ್ಲಿನ ಸಾಲ,” ಎಂದರು ನೀರಜಾ. “ಕೊಡಿ ಕೊಡಿ ಅಂತ ಪ್ರಧಾನ ಕಚೇರಿಯ ವೆಂಕಟೇಶಮೂರ್ತಿ ಬೆಂಗಳೂರಿಂದ ಪ್ರಾಣ ತಿಂದ್ರು. ನಾನೇ ಹೋಗಿ ನೋಡ್ಕೊಂಡು ಬಂದು, ಫೋನಲ್ಲಿ ಆಗಲ್ಲ ಅಂದೆ. ಎರಡು ತಿಂಗಳು ಮಾತು ಬಿಟ್ರು. ನೀವೇನು ಬರೆದಿದೀರಿ?”

ಮಾನ್ಯ ಪ್ರಧಾನ ಕಚೇರಿಯ ನಿರ್ದೇಶನದಂತೆ ಸಾಲ ನಿರಾಕರಿಸಲಾಗಿದೆ.

“ನಾನು ಅವರಿಗೆ ಇಲ್ಲ ಅಂದಿದ್ದು ಅದೊಂದೇ ಸಲ. ಅದನ್ನೂ ಅವರ ಪಾದಕ್ಕೆ ಹಾಕ್ಬಿಟ್ರಲ್ಲ.”

“ಮರ್ಯಾದೆ ಕೊಟ್ಟಿದ್ದು ತಪ್ಪಾ? ಬೇಕಿದ್ರೆ ಈಗ್ಲೇ ತಿದ್ದಿ ಕೊಡ್ತೀನಿ.”

“ಮೇಲ್ವಿಚಾರಕರ ಹತ್ರ ಕಾಪಿ ಇದೆ. ತಿದ್ದಿ, ಒಟ್ಟಿಗೇ ಜೈಲಿಗೆ ಹೋಗೋಣ.”

ಉಳಿದಿದ್ದು ಒಂದೇ ದಾರಿ. ಆ ಸಾಲವನ್ನು ತಮ್ಮ ಮಾತು ಮೀರಿ ಡಬ್ಲಿನ್ನಿನವರೇ ನಿರಾಕರಿಸಿದರು ಎಂದು ವೆಂಕಟೇಶಮೂರ್ತಿ ಬರೆದುಕೊಡಬೇಕು. ನೀರಜಾ ಸ್ಪೀಕರಿನಲ್ಲಿ ಫೋನ್ ಮಾಡಿ ಕೇಳಿದರು.

“ನನ್ನ ಮಾತು ನೀವು ಮೀರಿದ್ರಿ ಅಂತ ನಾನೇ ಬರೆದುಕೊಟ್ರೆ ಇಲ್ಲಿ ನನ್ನ ಗತಿ ಏನಮ್ಮ?” ಎಂದರು ಅವರು. “ರಿಟೈರ್‌ಮೆಂಟಿಗೆ ಏಳು ತಿಂಗಳಿದೆ. ನೀವು ತಲೆ ಕೆಡಿಸ್ಕೋಬೇಡಿ. ಉತ್ತರ ನಾವೇ ಬರೆಸಿದೀವಿ, ಮೇಲ್ ಬಂದಿರುತ್ತೆ ನೋಡಿ. ಒಂದಕ್ಷರ ಬದಲಾಯಿಸದೆ ಸಹಿ ಹಾಕಿ ಕಳಿಸಿ.”

ಮೇಲ್ ಬಂದಿತ್ತು. ನೀರಜಾ ಪ್ರಿಂಟ್ ತೆಗೆದು ನಿಂತೇ ಓದಿದರು. “‘ಡಬ್ಲಿನ್ ಶಾಖೆಯ ತೀರ್ಮಾನಗಳನ್ನೆಲ್ಲ ಕೆಳಗೆ ಸಹಿ ಮಾಡಿರುವ ನಾವಿಬ್ಬರೇ ಸ್ವತಂತ್ರವಾಗಿ ತೆಗೆದುಕೊಳ್ಳುತ್ತೇವೆ.’ ಚೆನ್ನಾಗಿ ಬರೆಸಿದಾರೆ.”

ನಾನು ಕಾಗದ ಕಿತ್ತುಕೊಂಡು ಸಹಿ ಹಾಕಿದೆ. ಈ ದೇಶದಲ್ಲಿ ಕೆಲಸ ಮಾಡುವ ನನ್ನ ಪರ್ಮಿಟ್ ಈ ಶಾಖೆಯ ಹೆಸರಿನಲ್ಲಿದೆ. ಮಗಳು ಸ್ಪಂದನಾ ಲೂಕನ್ನಿನ ಶಾಲೆಯಲ್ಲಿ ಕೊನೆಯ ವರ್ಷದಲ್ಲಿದ್ದಾಳೆ. ನನಗೆ ನಾಚಿಕೆಯಾಗಲಿಲ್ಲ.

“ಹಾಕಿ ಮೇಡಂ. ಹನ್ನೊಂದು ಸಂಸಾರ.”

“ಹಾಕಿದ್ರೆ ಶಾಖೆ ಉಳಿಯುತ್ತಾ?”

“ಇಲ್ಲ,” ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಆದ್ರೂ ಹಾಕಿ.”

ಅವರು ಪೆನ್ನು ತೆಗೆದುಕೊಂಡರು. ನನ್ನ ಸಹಿಯ ಪಕ್ಕದ ಖಾಲಿ ಜಾಗವನ್ನು ನೋಡಿದರು. ಆಮೇಲೆ ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟು ಕೋಟು ಹಾಕಿಕೊಂಡರು.

“ಎಲ್ಲಿಗೆ?”

“ಇದನ್ನ ಬೆಂಗಳೂರಿನವರನ್ನ ಕೇಳದೆ ಮಾಡ್ತಿದೀನಿ,” ಎಂದರು. “ಹೇಗೆ ಬರೀತೀರೋ ಬರ್ಕೊಳ್ಳಿ.”

ಸ್ವಲ್ಪ ಗಾಳಿ ಕುಡಿಯಲು ಹೋಗಿದ್ದಾರೆ, ಬರುತ್ತಾರೆ ಎಂದುಕೊಂಡೆ. ಮೂರಕ್ಕೆ ಫೋನ್ ಮಾಡಿದೆ, ಮೂರೂವರೆಗೆ ಮಾಡಿದೆ, ಸ್ವಿಚ್ ಆಫ್. ನಾಲ್ಕಕ್ಕೆ ಐದು ನಿಮಿಷ ಇರುವಾಗ ರಿಸೆಪ್ಷನ್ನಿನ ಹುಡುಗಿ ಬಂದು, ಇಲ್ಲಿನವರ ಮಾತಿನಲ್ಲಿ ಎಲ್ಲ ಗ್ರ್ಯಾಂಡಾ, ಎಲ್ಲ ಸರಿಯಿದೆಯಾ ಎಂದು ಕೇಳಿದಳು. ಬೈದು ಕಳಿಸಿದೆ. ನಾಲ್ಕು ಹೊಡೆದಾಗ ಒಂದೇ ಸಹಿಯ ಉತ್ತರ ಮೇಜಿನ ಮೇಲೇ ಇತ್ತು. ನೀರಜಾ ಅವತ್ತೂ ಬರಲಿಲ್ಲ, ಸೋಮವಾರವೂ ಬರಲಿಲ್ಲ.