ವಾಪಸಾತಿಯ ಕುರಿತು ಟಿಪ್ಪಣಿ

ನನ್ನ ಗೈಡ್ ದೊಡ್ಡ ವಿದ್ವಾಂಸರೇ, ಆದರೆ ಅವರ ಪ್ರಾಣವೆಲ್ಲ ಕಾಮಾ, ಫುಲ್‌ಸ್ಟಾಪಿನಲ್ಲಿದೆ. ಪಿಎಚ್‌ಡಿ ಪ್ರಬಂಧದಲ್ಲಿ ನಾನೇನು ಬರೆದಿದ್ದೇನೆ ಎಂದು ನೋಡುವ ಮೊದಲೇ ಕೊನೆಯ ಪುಟ ತಿರುಗಿಸಿ, ಆಕರಗಳ ಪಟ್ಟಿಯಲ್ಲಿ ಇಸವಿ ಎಲ್ಲಿದೆ, ಚುಕ್ಕೆ ಎಲ್ಲಿದೆ ಎಂದು ಹುಡುಕುತ್ತಾರೆ. ಆಕರ ಬರೆಯುವುದಕ್ಕೆ ವಿಭಾಗದವರೆಲ್ಲ ಎಪಿಎ ಶೈಲಿ ಒಪ್ಪಿಕೊಂಡರೆ ಇವರಿಗೆ ಷಿಕಾಗೋ ಬೇಕು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ.

ಹಾಗಾಗಿ ದೆಹಲಿಯ ಮುನಿರ್ಕಾದ ನನ್ನ ಬಾಡಿಗೆ ಕೋಣೆಯಲ್ಲಿ ಕೂತು ಇಡೀ ಪಟ್ಟಿಯನ್ನು ಒಂದು ವೆಬ್‌ಸೈಟಿಗೆ ಹಾಕುತ್ತಿದ್ದೆ. ಪುಸ್ತಕದ ವಿವರ ಕೊಟ್ಟು ಶೈಲಿ ಆರಿಸಿದರೆ ಸಾಕು, ಅದೇ ಎಲ್ಲವನ್ನೂ ಬೇಕಾದ ಕ್ರಮದಲ್ಲಿ ಜೋಡಿಸಿಕೊಡುತ್ತದೆ. ಒಂದು ಶೈಲಿ ಪುಸ್ತಕ ಅಚ್ಚಾದ ಊರನ್ನು ಹೇಳುತ್ತದೆ, ಇನ್ನೊಂದು ಹೇಳುವುದಿಲ್ಲ. ಬರೆದವರ ಹೆಸರೇ ಇಲ್ಲದಿದ್ದರೆ ಶೀರ್ಷಿಕೆಯನ್ನು ಮುಂದೆ ತಂದು ನಿಲ್ಲಿಸುತ್ತದೆ.

ಬುಧವಾರ ಮಧ್ಯಾಹ್ನ ನನ್ನದೇ ಒಂದು ಲೇಖನ ಸೇರಿಸಿದೆ. ನಮ್ಮಲ್ಲಿ ಮನೆತನದ ಹೆಸರು ಅಂತ ಇಟ್ಟುಕೊಂಡಿರಲಿಲ್ಲ. ಸರ್‌ನೇಮ್ ಇಲ್ಲದೆ ಆಗುವುದಿಲ್ಲ ಎಂದು ದೆಹಲಿಯ ಶಾಲೆಯವರು ಹಟ ಹಿಡಿದಾಗ ಅಪ್ಪ ತಮ್ಮ ಹೆಸರನ್ನೇ ಬರೆಸಿದ್ದರು. ಹಾಗಾಗಿ ಹರಿಣಿಯಾದ ನಾನು ಪಟ್ಟಿಯಲ್ಲಿ 'ಚಂದ್ರಮೋಹನ, ಹ.' ಆದೆ. ಅದರ ಮೇಲೆ ನಾನು ಹಾಕದ ಸಾಲೊಂದು ಕೂತಿತ್ತು.

'ಚಂದ್ರಮೋಹನ. ವಾಪಸಾತಿಯ ಕುರಿತು ಟಿಪ್ಪಣಿ. ಪ್ರಕಟವಾಗಲಿದೆ.'

ಅಪ್ಪ ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದರು, ಮನೆಯಲ್ಲೂ ಆಫೀಸರೇ. ಫ್ರಿಜ್ ಮೇಲೆ 'ಹಾಲು ತರುವ ಕುರಿತು ಟಿಪ್ಪಣಿ' ಎಂದು ಚೀಟಿ ಅಂಟಿಸುತ್ತಿದ್ದರು. ಸಂಜೆ ಬೆಲ್ ಒತ್ತಿ, ತಮ್ಮದೇ ಮನೆಯ ಬಾಗಿಲ ಮುಂದೆ ನಿಂತು "ನಾನು, ಚಂದ್ರಮೋಹನ" ಎನ್ನುತ್ತಿದ್ದರು. "ಯಾವ ಇಲಾಖೆಯಿಂದ?" ಎಂದು ಅಮ್ಮ ಒಳಗಿಂದ ರೇಗಿಸುತ್ತಿದ್ದರು. ಅಮ್ಮ ಹಳೇ ಕಾಲದವರ ಹಾಗೆ ಗಂಡನ ಹೆಸರನ್ನು ಬಾಯಲ್ಲಿ ಆಡಿದವರೇ ಅಲ್ಲ.

ಹನ್ನೆರಡು ವರ್ಷದ ಹಿಂದೆ ಅಪ್ಪ ಆಫೀಸಿನವರ ಜೊತೆ ಹರಿದ್ವಾರಕ್ಕೆ ಹೋಗಿ, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಗಂಗೆಗೆ ಇಳಿದರು. ಮನೆಗೆ ಚಪ್ಪಲಿ ಬಂತು, ಅಪ್ಪ ಬರಲಿಲ್ಲ. ದೇಹವೂ ಸಿಗಲಿಲ್ಲ. ಕಾಣೆಯಾದವರಿಗೆ ಹನ್ನೆರಡು ವರ್ಷ ಕಾದು, ದರ್ಭೆಯಲ್ಲಿ ಬೊಂಬೆ ಮಾಡಿ ಸಂಸ್ಕಾರ ಮಾಡುವುದು ನಮ್ಮ ಪದ್ಧತಿ. ಅಮ್ಮ ಅದನ್ನು ಆ ಭಾನುವಾರಕ್ಕೆ ಗೊತ್ತುಮಾಡಿದ್ದರು. ಗಂಡುಮಕ್ಕಳಿಲ್ಲದ ಮನೆ, ಬೆಂಕಿ ಇಡಬೇಕಾದವಳು ನಾನು.

ಆ ಸಾಲನ್ನು ಅಳಿಸಿದೆ. ಪುಟ ಮತ್ತೆ ತೆರೆದಾಗ ಅದು ಅಲ್ಲೇ ಇತ್ತು. ಊರು ತೋರಿಸುವ ಶೈಲಿಗೆ ಬದಲಾಯಿಸಿದೆ, 'ಹರಿದ್ವಾರ' ಎಂದು ಬಂತು. ಬೇರೆ ಯಾರದೋ ಪಟ್ಟಿ ನನ್ನದರೊಳಗೆ ಸೇರಿಕೊಂಡಿದೆ, ಚಂದ್ರಮೋಹನರಿಗೇನು ಈ ದೇಶದಲ್ಲಿ ಬರವೇ ಎಂದು ನನಗೆ ನಾನೇ ಹೇಳಿಕೊಂಡೆ. ಗುರುವಾರ ನೋಡಿದರೆ ಅದೇ ಸಾಲಿನಲ್ಲಿ ಊರು ಹರಿದ್ವಾರದಿಂದ ದೆಹಲಿಗೆ ಬರುವ ದಾರಿಯ 'ಮೀರತ್' ಆಗಿತ್ತು. ಶುಕ್ರವಾರ ಹೆದರಿ ತೆರೆಯಲೇ ಇಲ್ಲ.

ಶನಿವಾರ ಸಂಜೆ 'ಆರ್.ಕೆ.ಪುರಂ' ಎಂದಿತ್ತು. ಅಪ್ಪ ಹೋದಾಗ ನಾವಿದ್ದ ಕ್ವಾರ್ಟರ್ಸ್ ಅಲ್ಲೇ. ಈಗ ಅಲ್ಲಿ ಬೇರೆ ಯಾವುದೋ ಸಂಸಾರವಿದೆ. ಅಮ್ಮ ಮಯೂರ್ ವಿಹಾರ್‌ನ ಫ್ಲ್ಯಾಟಿಗೆ ಬಂದದ್ದು ಅಪ್ಪನಿಗೆ ಗೊತ್ತೇ ಇಲ್ಲ. ಹಳೇ ಬಾಗಿಲ ಮುಂದೆ ನಿಂತು ಅಪರಿಚಿತರಿಗೆ ತಮ್ಮ ಹೆಸರು ಹೇಳುತ್ತಿರುವ ಅಪ್ಪ ಕಣ್ಣಿಗೆ ಕಟ್ಟಿದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿ ಮೆಟ್ರೋ ಹತ್ತಿದೆ.

"ಅಮ್ಮಾ, ನಾಳೆ ಬೇಡ. ಸ್ವಲ್ಪ ದಿನ ಮುಂದಕ್ಕೆ ಹಾಕೋಣ," ಎಂದು ಆ ಸಾಲು ತೋರಿಸಿದೆ.

ಅಮ್ಮ ಕನ್ನಡಕ ಹಾಕಿಕೊಂಡು ಓದಿದರು. ಅವರು ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ.

"ಇವರದ್ದೇ ಭಾಷೆ," ಎಂದರು. "ಆದ್ರೆ ಹರಿಣಿ, ಲಿಫ್ಟ್ ಸದ್ದಾದಾಗೆಲ್ಲ ಎದ್ದೆದ್ದು ಹೋಗಿ ಸಾಕಾಗಿದೆ ಕಣೇ. ಕುಂಕುಮ ಇಟ್ಕೊಳ್ಳೋಕೂ ಅನುಮಾನ, ಅಳಿಸೋಕೂ ಅನುಮಾನ. ಇನ್ನು ನನ್ನ ಕೈಲಾಗಲ್ಲ."

"ಅಪ್ಪ ಬರ್ತಾ ಇದ್ರೆ?"

"ಬದುಕಿದ್ದೋರಾದ್ರೆ ಮೀರತ್‌ನಿಂದ ಒಂದು ಫೋನ್ ಮಾಡ್ತಿರ್ಲಿಲ್ವಾ? ಚಲೋ, ಮಲಗು ನಡಿ. ಬೆಳಿಗ್ಗೆ ತಲೆಗೆ ಸ್ನಾನ ಮಾಡ್ಬೇಕು."

ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟು ಮಲಗಲು ಹೋದೆ.

ಸೂರ್ಯನಾರಾಯಣ ಭಟ್ಟರು ವಾರವಿಡೀ ಯಾವುದೋ ಇಲಾಖೆಯಲ್ಲಿ ಗುಮಾಸ್ತರು, ರಜೆಯ ದಿನ ದೆಹಲಿ ಕನ್ನಡಿಗರ ಪುರೋಹಿತರು. ಭಾನುವಾರ ಯಮುನೆಯ ದಂಡೆಯಲ್ಲಿ ಹೊಗೆಮಂಜು ಎಷ್ಟಿತ್ತೆಂದರೆ ಆಚೆ ದಡ ಕಾಣುತ್ತಿರಲಿಲ್ಲ. ಭಟ್ಟರು ದರ್ಭೆಯ ಬೊಂಬೆಗೆ ಅಪ್ಪನ ಹಳೇ ಪಂಚೆಯ ತುಂಡು ಸುತ್ತಿದರು.

"ಮಗಳು ಮಾಡ್ಬಹುದಮ್ಮ, ಯೋಚನೆ ಬೇಡ," ಎಂದರು. "ಒಂದು ಮಾತು ಮಾತ್ರ ನೆನಪಿರ್ಲಿ. ಈ ಕರ್ಮ ಆದ್ಮೇಲೆ ಅವರೇ ಬಂದು ನಿಂತ್ರೂ ಮುಂಬಾಗಿಲಿಂದ ಕರ್ಕೊಳ್ಳೋ ಹಾಗಿಲ್ಲ. ಹೆಸರು, ಗೋತ್ರ ಎಲ್ಲ ಇವತ್ತಿಗೆ ಮುಗೀತು. ಮನೆಯವರು ಮತ್ತೆ ಹೆಸರಿಟ್ಟು ಕರೆಯೋವರೆಗೂ ಅವರು ಯಾರೂ ಅಲ್ಲ."

ಅಪ್ಪನ ಹೆಸರು ಹೇಳಿ ಬೆಂಕಿ ಇಟ್ಟೆ. ಒಣಹುಲ್ಲು, ಭುಗ್ಗೆಂದು ಉರಿದುಹೋಯಿತು. ಸುಳ್ಳೇಕೆ, ಆ ಕ್ಷಣ ಎದೆ ಹಗುರವಾಯಿತು. ಅಮ್ಮ ಇಷ್ಟು ವರ್ಷ ಕಾಪಾಡಿಕೊಂಡಿದ್ದ ಚಪ್ಪಲಿಯನ್ನು ತಾವೇ ನೀರಿಗೆ ಬಿಟ್ಟರು.

ಮನೆಗೆ ಬಂದು ಸ್ನಾನ ಮಾಡಿದೆವು. ಖಾಲಿ ಹಣೆಯಲ್ಲಿ ಅಮ್ಮ ಅಡುಗೆಮನೆಯಲ್ಲಿ ಅನ್ನಕ್ಕಿಟ್ಟರು. ನಾನು ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ತೆರೆದೆ. ಆ ಸಾಲು ಹೋಗಿರುತ್ತದೆ ಎಂದುಕೊಂಡಿದ್ದೆ. ಹೋಗಿರಲಿಲ್ಲ. ಅದರ ಮುಂದಿದ್ದ ಹೆಸರು ಮಾತ್ರ ಹೋಗಿತ್ತು. ಹೆಸರಿಲ್ಲದ ಜಾಗಕ್ಕೆ ಶೀರ್ಷಿಕೆ ಬಂದು ನಿಂತಿತ್ತು.

'ವಾಪಸಾತಿಯ ಕುರಿತು ಟಿಪ್ಪಣಿ. ಮಯೂರ್ ವಿಹಾರ್.' 'ಪ್ರಕಟವಾಗಲಿದೆ' ಎಂಬ ಮಾತು ಕಾಣೆಯಾಗಿ, ಅಲ್ಲಿ ಈ ವರ್ಷದ ಇಸವಿ ಇತ್ತು.

ಲಿಫ್ಟ್ ಸದ್ದಾಗಲಿಲ್ಲ. ಬೆಲ್ಲೂ ಆಗಲಿಲ್ಲ. ಅಡುಗೆಮನೆಯ ಹಿಂದಿನ ಬಾಲ್ಕನಿಯ ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು. ಆ ಬಾಗಿಲಾಚೆ ಬಟ್ಟೆ ಒಗೆಯುವ ಮಷೀನು, ಒಣಹಾಕುವ ಹಗ್ಗ ಬಿಟ್ಟರೆ ಏನೂ ಇಲ್ಲ. ನಮ್ಮದು ನಾಲ್ಕನೇ ಮಹಡಿ, ಆ ಕಡೆಯಿಂದ ಮೆಟ್ಟಿಲಿಲ್ಲ.

"ಯಾರು?" ಎಂದರು ಅಮ್ಮ.

"ನಾನು," ಎಂದಿತು ದನಿ.

ಮುಂದಿನದು ಬರಲಿಲ್ಲ. ಕಾದೆವು. ಗ್ಯಾಸಿನ ಮೇಲೆ ಅನ್ನ ಕುದಿಯುತ್ತಿತ್ತು.

"ನಾನು," ಎಂದಿತು ಮತ್ತೆ, ಮುಂದೇನು ಹೇಳಬೇಕೆಂದು ತಡಕಾಡುವಂತೆ. ಮೂರನೆಯ ಸಲ ಆ ಒಂದು ಮಾತು ಹೇಳುವಾಗ ದನಿ ಒಡೆದಿತ್ತು. ಚಿಕ್ಕಂದಿನಲ್ಲಿ ನಾನೊಮ್ಮೆ ಜಾತ್ರೆಯಂಥ ಜನಜಂಗುಳಿಯ ಸ್ಟೇಷನ್ನಿನಲ್ಲಿ ಕಳೆದುಹೋಗಿ ಹಾಗೆ ಅತ್ತಿದ್ದೆ. ನಾನು ಅಮ್ಮನ ಕೈ ಹಿಡಿದೆ. ಭಟ್ಟರ ಮಾತು ನನಗೂ ನೆನಪಿತ್ತು, ಅಮ್ಮನಿಗೂ ಇತ್ತು.

ಅಮ್ಮ ನನ್ನ ಕೈ ಬಿಡಿಸಿಕೊಂಡರು. ಬಾಗಿಲಿಗೆ ಬರಿಹಣೆ ಒತ್ತಿ, ಮದುವೆಯಾದಾಗಿನಿಂದ ಒಮ್ಮೆಯೂ ಆಡದ ಮಾತನ್ನು ಆಡಿದರು.

"ಚಂದ್ರಮೋಹನ."

ಆಮೇಲೆ ಹೊರಗೆ, ಒಳಗೆ ಬರುವ ಮೊದಲು ಯಾರೋ ಒದ್ದೆ ಚಪ್ಪಲಿ ಬಿಚ್ಚಿಟ್ಟ ಸದ್ದು ಕೇಳಿಸಿತು.